ಹಾಡು ಕಾಪಿ ಮಾಡಿದರೆ ಯಾರ ಜೇಬಿಗೆ ಕತ್ತರಿ?

ಹಾಡಿನ ಫೈಲ್ ಕಾಪಿ ಮಾಡೋದು, ಹಂಚೋದು, ಪುಕ್ಕಟೆ ಇಳಿಸಿಕೊಳ್ಳೋದು ಇವುಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಬಹಳಷ್ಟು 'ಎಲ್ಲರೂ ಮಾಡ್ತಾರೆ, ನಾನೊಬ್ಬ ಮಾಡಿದರೆ ಏನಾಯ್ತು' ಅನ್ನೋ ಒಂದೇ ಧಾಟಿಯವು. ಅವಕ್ಕೆ ಬೇರೆ ಉತ್ತರ ಬರೆಯಲ್ಲ, ಕೆಳಗಿನದ್ದನ್ನು ಓದಿಕೊಂಡರೆ ಸಾಕು. ಕಾನೂನು ಹೇಳೋದು ಯಾವುದು, ನನ್ನ ಅಭಿಪ್ರಾಯ ಯಾವುದು ಅಂತ ಬೇರೆ ಬೇರೆ ಮಾಡಿ ಹೇಳಲು ನೋಡಿದ್ದೇನೆ. ಎರಡೂ ಯಾವಾಗಲೂ ಒಂದೇ ಕಡೆ ನಿಲ್ಲಲ್ಲ.

ಪ್ರಶ್ನೆ: ನಿಮ್ಮ ಮರದ ಮಾವಿನಹಣ್ಣು ನಾನು ಕಿತ್ತುಕೊಂಡರೆ ನಿಮಗೆ ಹಣ್ಣಿಲ್ಲ. ನಿಮ್ಮ ಹಾಡು ಕಾಪಿ ಮಾಡಿಕೊಂಡರೆ ಹಾಡು ನಿಮ್ಮ ಹತ್ತಿರವೂ ಇರುತ್ತೆ, ನನ್ನ ಹತ್ತಿರವೂ ಇರುತ್ತೆ. ಇದು ಕಳ್ಳತನ ಹೇಗಾಗುತ್ತೆ? ಹಾಸ್ಟೆಲ್‌ನಲ್ಲಿ ಈ ವಾದ ದಿನಾ ನಡೆಯುತ್ತೆ, ಒಂದು ತೀರ್ಮಾನ ಹೇಳಿ.
(ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು)

ಉತ್ತರ: ನಿಮ್ಮ ವಾದದ ಮೊದಲರ್ಧ ಸರಿ ಇದೆ. ಕಾನೂನು ಕೂಡ ಇದನ್ನು ಕಳ್ಳತನದ ಜೊತೆ ಸೇರಿಸಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇದು ಬೇರೆಯೇ ಅಪರಾಧ. ಹಾಗಂತ ಹಗುರ ಅಂದುಕೊಳ್ಳಬೇಡಿ. ಆ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲ ಅಂತಾದರೆ ಕೋರ್ಟು ಕಾರಣ ಬರೆದು ಅದಕ್ಕಿಂತ ಕಡಿಮೆ ಶಿಕ್ಷೆ ಕೊಡಬಹುದು, ಅಷ್ಟೇ.

ಇನ್ನು ಎರಡನೇ ಅರ್ಧ. ಹಾಡಿನ ಎರಡನೇ ಕಾಪಿಗೆ ಖರ್ಚಿಲ್ಲ ನಿಜ. ಖರ್ಚೆಲ್ಲ ಮೊದಲನೇ ಕಾಪಿಯ ಮೇಲೇ ಬಿದ್ದಿರುತ್ತೆ. ಸ್ಟುಡಿಯೊ ಬಾಡಿಗೆ ಗಂಟೆ ಲೆಕ್ಕ. ತಬಲಾದವರು, ಕೊಳಲಿನವರು, ಕೀಬೋರ್ಡ್ ಪ್ರೋಗ್ರಾಮಿಂಗ್ ಮಾಡಿದವರು, ಕೋರಸ್ ಹಾಡಿದ ಹುಡುಗಿಯರು, ಆಮೇಲೆ ಮಿಕ್ಸಿಂಗ್, ಮಾಸ್ಟರಿಂಗ್. ಹಾಡು ಹೊರಗೆ ಬರೋ ಮೊದಲೇ ಇವರಿಗೆಲ್ಲ ಯಾರೋ ಕೈಯಿಂದ ದುಡ್ಡು ಕೊಟ್ಟಿರುತ್ತಾರೆ. ಅದು ವಾಪಸ್ ಬರಬೇಕಾದದ್ದು ಆಮೇಲಿನ ಸಾವಿರಾರು ಕಾಪಿಗಳಿಂದ. ಅಂದರೆ ನಿಮಗೆ ಪುಕ್ಕಟೆ ಅನ್ನಿಸೋ ಆ ಕಾಪಿಗಳಿಂದಲೇ.

'ನಾನು ಹೇಗೂ ಕೊಳ್ತಿರಲಿಲ್ಲ, ನಷ್ಟ ಎಲ್ಲಿಂದ ಬಂತು' ಅಂತಲೂ ನಿಮ್ಮ ಹಾಸ್ಟೆಲ್‌ನಲ್ಲಿ ಯಾರಾದರೂ ಅಂದೇ ಅಂದಿರುತ್ತಾರೆ. ಮನೆಯಿಂದ ಬರೋ ದುಡ್ಡಲ್ಲಿ ಮೆಸ್ ಬಿಲ್ ಕಟ್ಟಿದರೆ ಕೈಯಲ್ಲಿ ಏನೂ ಉಳಿಯಲ್ಲ ಅನ್ನೋ ಹುಡುಗ ಹೀಗಂದರೆ ನಾನು ನಂಬುತ್ತೇನೆ. ಎರಡು ಸಾವಿರದ ಇಯರ್‌ಬಡ್ ಕಿವಿಗೆ ಸಿಕ್ಕಿಸಿಕೊಂಡು ಹೇಳಿದರೆ ನಂಬೋದು ಕಷ್ಟ.

ಹಾಗಂತ ಕಂಪನಿಗಳು ಹೇಳಿದ್ದೆಲ್ಲ ನ್ಯಾಯ ಅಂತಲೂ ಅಲ್ಲ. 1999ರಲ್ಲಿ ನ್ಯಾಪ್‌ಸ್ಟರ್ ಅನ್ನೋ ಇಂಟರ್ನೆಟ್ ಸೇವೆ ಬಂತು. ಜನ ತಂತಮ್ಮ ಕಂಪ್ಯೂಟರಿನ ಹಾಡುಗಳನ್ನು ಒಬ್ಬರಿಗೊಬ್ಬರು ಕೊಟ್ಟು ತಗೊಂಡರು, 2001ರಲ್ಲಿ ಕೋರ್ಟು ಅದನ್ನು ನಿಲ್ಲಿಸಿತು. ಆಮೇಲೆ ಅಮೆರಿಕದ ಕಂಪನಿಗಳು ಮನೆಯಲ್ಲಿ ಕೂತು ಹಾಡು ಹಂಚಿದವರ ಮೇಲೇ ಕೇಸು ಹಾಕೋಕೆ ಹೊರಟವು. ಮಿನೆಸೋಟಾದ ಜೇಮಿ ಥಾಮಸ್ ಅನ್ನೋ ಹೆಂಗಸಿಗೆ 24 ಹಾಡು ಹಂಚಿದ್ದಕ್ಕೆ 2009ರಲ್ಲಿ ಜ್ಯೂರಿ ಹಾಕಿದ ಮೊತ್ತ 19 ಲಕ್ಷ 20 ಸಾವಿರ ಡಾಲರ್. ಹಾಡೊಂದಕ್ಕೆ 80 ಸಾವಿರ! ಆಪಲ್ ಕಂಪನಿಯ ಆನ್‌ಲೈನ್ ಹಾಡಿನ ಅಂಗಡಿ ಐಟ್ಯೂನ್ಸ್ 2003ರಲ್ಲಿ ಶುರುವಾದಾಗ ಒಂದು ಹಾಡಿನ ಬೆಲೆ 99 ಸೆಂಟ್ ಇತ್ತು. ಎಷ್ಟೋ ವರ್ಷ ಎಳೆದಾಡಿ ಕೊನೆಗೆ ಜೇಮಿ ಕಟ್ಟಬೇಕಾದ ಮೊತ್ತ 2 ಲಕ್ಷ 22 ಸಾವಿರ ಡಾಲರ್‌ಗೆ ನಿಂತಿತು. ಅದೂ ಜಾಸ್ತಿಯೇ.

ತೀರ್ಮಾನ ಕೇಳಿದಿರಿ. ಕಳ್ಳತನ ಅಂತ ನಾನು ಅನ್ನಲ್ಲ. ಆದರೆ ಈ ಹಾಡಿಗೆ ಕೆಲಸ ಮಾಡಿದ ಯಾರಿಗಾದರೂ ನನ್ನಿಂದ ಒಂದು ರೂಪಾಯಿ ಹೋಗೋ ದಾರಿ ಇತ್ತಾ, ಇದ್ದೂ ನಾನು ತಪ್ಪಿಸಿದೆನಾ ಅಂತ ಕೇಳುತ್ತೇನೆ. ಇವತ್ತಿನ ರಾತ್ರಿಯ ವಾದ ಅಲ್ಲಿಂದ ಶುರು ಮಾಡಿ ನೋಡಿ.

ಪ್ರಶ್ನೆ: ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಮೊಬೈಲ್ ಅಂಗಡಿ ನಂದು. ಟ್ರ್ಯಾಕ್ಟರ್‌ನವರು, ಟಂಟಂನವರು ಪೆನ್ ಡ್ರೈವ್ ಕೊಟ್ಟು 'ಹಾಡು ಹಾಕ್ರಿ' ಅಂತಾರೆ. 8 ಜಿಬಿ ತುಂಬಿಸೋಕೆ 100 ರೂಪಾಯಿ ತಗೋತೀನಿ. ಹಾಡಿಗೆ ದುಡ್ಡು ತಗೊಳ್ಳಲ್ರೀ, ನನ್ನ ಟೈಮಿಗೆ, ಕರೆಂಟಿಗೆ ತಗೋತೀನಿ. ತಪ್ಪೇನು?
(ಅಂಗಡಿಯವರು, ಬಾಗಲಕೋಟೆ ಜಿಲ್ಲೆ)

ಉತ್ತರ: ಖಾಲಿ ಪೆನ್ ಡ್ರೈವನ್ನು ಅಷ್ಟೇ ಹೊತ್ತು ಕಂಪ್ಯೂಟರಿಗೆ ಸಿಕ್ಕಿಸಿ ವಾಪಸ್ ಕೊಡಿ, ಯಾರಾದರೂ 100 ರೂಪಾಯಿ ಕೊಡ್ತಾರಾ ನೋಡೋಣ. ಕೊಡೋದು ಹಾಡಿಗೇ ಸ್ವಾಮಿ. ಬಂದ ಪ್ರಶ್ನೆಗಳಲ್ಲಿ ನನಗೆ ಒಂಚೂರೂ ಅನುಮಾನ ಇಲ್ಲದ ಪ್ರಶ್ನೆ ನಿಮ್ಮದೊಂದೇ. ಸಾಧಾರಣ ಎಂಪಿ3 ಅಂದರೆ ನಿಮಿಷಕ್ಕೆ ಸುಮಾರು 1 ಎಂಬಿ, ಐದು ನಿಮಿಷದ ಹಾಡಾದರೆ 8 ಜಿಬಿಯಲ್ಲಿ ಒಂದೂವರೆ ಸಾವಿರ ಹಾಡು ಕೂರುತ್ತವೆ. ಒಂದೂವರೆ ಸಾವಿರ ಹಾಡು ಮಾರಿ ಅದರಲ್ಲಿ ಒಂದು ಪೈಸೆ ಕೂಡ ಹಾಡಿದವರಿಗೆ ಹೋಗದ ವ್ಯಾಪಾರ ಇದು. ಕಾನೂನಿನ ಕಡೆಯಿಂದಲೂ ನೀವು ನಿಂತಿರೋ ಜಾಗ ಚೆನ್ನಾಗಿಲ್ಲ. ಕರ್ನಾಟಕದ ಗೂಂಡಾ ಕಾಯ್ದೆ ಅಂತ ನಾವು ಕರೆಯೋ 1985ರ ಕಾಯ್ದೆಯ ಪಟ್ಟಿಯಲ್ಲಿ ಗೂಂಡಾಗಳು, ಜೂಜುಕೋರರ ಜೊತೆಗೇ ವಿಡಿಯೊ, ಆಡಿಯೊ ಪೈರೇಟ್‌ಗಳೂ ಇದ್ದಾರೆ. ಅದರಡಿ ಒಂದು ವರ್ಷದವರೆಗೆ ಒಳಗಿಡಬಹುದು. ಬಸ್ ಸ್ಟ್ಯಾಂಡ್ ಅಂಗಡಿಯವರನ್ನು ಆ ಪಟ್ಟಿಯಲ್ಲಿ ಕೂರಿಸೋದು ಅತಿ ಅನ್ನೋದು ನನ್ನ ಅಭಿಪ್ರಾಯ, ಆದರೆ ಪೊಲೀಸರು ಬಂದಾಗ ನನ್ನ ಅಭಿಪ್ರಾಯ ನಿಮ್ಮ ಉಪಯೋಗಕ್ಕೆ ಬರಲ್ಲ.

ಇಷ್ಟು ಹೇಳಿ ಬಿಡಬಹುದಿತ್ತು. ಆದರೆ ನಿಮ್ಮ ಕಡೆಯ ಜಾನಪದ ಡಿಜೆ ಹಾಡುಗಳ ವಿಷಯ ಸ್ವಲ್ಪ ಬೇರೆ. ಆ ಗಾಯಕರಲ್ಲಿ ಎಷ್ಟೋ ಜನರ ಹಿಂದೆ ದೊಡ್ಡ ಕಂಪನಿ ಇಲ್ಲ. ತಾವೇ ಹಾಡು ಕಟ್ಟಿ, ಊರಿನ ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿ, ತಮ್ಮದೇ ಯೂಟ್ಯೂಬ್ ಚಾನೆಲ್‌ಗೆ ಹಾಕುತ್ತಾರೆ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1000 ಸಬ್‌ಸ್ಕ್ರೈಬರ್ಸ್ ಇರಬೇಕು, ಜೊತೆಗೆ ಒಂದು ವರ್ಷದಲ್ಲಿ ಜನ 4000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್ ವಿಡಿಯೊಗಳನ್ನು 1 ಕೋಟಿ ಸಲ ನೋಡಿರಬೇಕು. ಟ್ರ್ಯಾಕ್ಟರ್ ಮೇಲೆ ಪೆನ್ ಡ್ರೈವ್‌ನಲ್ಲಿ ಹಗಲೆಲ್ಲ ಹಾಡಿದ್ದು ಈ ಲೆಕ್ಕಕ್ಕೆ ಸೇರಲ್ಲ. ಇನ್ನೊಂದು ಮಗ್ಗುಲಿಂದ ನೋಡಿದರೆ ಅವರ ಕೈಗೆ ದುಡ್ಡು ಬರೋದು ಜಾತ್ರೆ, ಉರುಸು, ಮದುವೆ ಕಾರ್ಯಕ್ರಮಗಳಿಂದ. ಹಾಡು ಟ್ರ್ಯಾಕ್ಟರ್ ಹತ್ತಿ ಊರೂರು ಸುತ್ತಿದರೆ ಕಾರ್ಯಕ್ರಮಕ್ಕೆ ಕರೆಯೋರು ಜಾಸ್ತಿ ಆಗ್ತಾರೆ ಅಂತ ಗಾಯಕರೇ ಲೆಕ್ಕ ಹಾಕಬಹುದು. ಆದರೆ ಆ ಲೆಕ್ಕ ಹಾಕಬೇಕಾದವರು ಅವರು, ನೀವಲ್ಲ. ವಿಡಿಯೊ ಕೊನೆಯಲ್ಲಿ 'ಕಾರ್ಯಕ್ರಮಗಳಿಗಾಗಿ ಸಂಪರ್ಕಿಸಿ' ಅಂತ ಫೋನ್ ನಂಬರ್ ಹಾಕಿರುತ್ತಾರಲ್ಲ, ಅದಕ್ಕೆ ಫೋನ್ ಮಾಡಿ. 'ನಿಮ್ಮ ಹಾಡಷ್ಟೇ ಹಾಕಿದ ಪೆನ್ ಡ್ರೈವ್ ಮಾರ್ತೀನ್ರೀ, ಒಂದಕ್ಕೆ ಇಷ್ಟು ನಿಮಗ' ಅನ್ನಿ. ವಾಟ್ಸಾಪ್‌ನಲ್ಲಾದರೂ ಒಪ್ಪಿಗೆ ಬರೆಸಿಕೊಳ್ಳಿ. ಸಿನಿಮಾ ಹಾಡು ಬೇಕು ಅಂದವರಿಗೆ ಕಂಪನಿಯವರೇ ಹಾಡು ತುಂಬಿಸಿ ಮಾರೋ ಪ್ಲೇಯರ್‌ಗಳಿವೆ, ಪೆನ್ ಡ್ರೈವ್‌ಗಳಿವೆ. ಅವನ್ನೇ ತರಿಸಿ ಅಂಗಡಿಯಲ್ಲಿ ಇಡಿ.

ಪ್ರಶ್ನೆ: ತಿಂಗಳಿಗೆ ದುಡ್ಡು ಕಟ್ಟಿ ಆ್ಯಪ್‌ನಲ್ಲಿ ಹಾಡು ಕೇಳ್ತೀನಿ. ಕೇಳೋದು ಬರೀ ಭಾವಗೀತೆ, ದಾಸರ ಪದ. ನನ್ನ ಮಗ 'ಅಮ್ಮಾ, ನೀನು ಕಟ್ಟಿದ ದುಡ್ಡೆಲ್ಲ ಬಾಲಿವುಡ್‌ನವರಿಗೆ ಹೋಗುತ್ತೆ, ಸುಮ್ನೆ ಎಲ್ಲಿಂದಾದ್ರೂ ಡೌನ್‌ಲೋಡ್ ಮಾಡ್ಕೊ' ಅಂತಾನೆ. ನಿಜವಾ?
(ಗೃಹಿಣಿ, ಶಿವಮೊಗ್ಗ)

ಉತ್ತರ: ಮಗ ಹೇಳಿದ್ದರಲ್ಲಿ ಅರ್ಧ ನಿಜ. ಹೆಚ್ಚಿನ ಆ್ಯಪ್‌ಗಳಲ್ಲಿ ನೀವು ಕಟ್ಟಿದ ದುಡ್ಡು ನೀವು ಕೇಳಿದ ಗಾಯಕಿಗೆ ನೇರ ಹೋಗಲ್ಲ. ಎಲ್ಲರ ದುಡ್ಡೂ ಒಂದೇ ಕಡೆ ಸೇರುತ್ತೆ, ಆ ತಿಂಗಳು ಒಟ್ಟು ಎಷ್ಟು ಸಲ ಹಾಡು ಕೇಳಿದ್ದಾರೆ ಅನ್ನೋ ಲೆಕ್ಕದ ಮೇಲೆ ಹಂಚಿಕೆ ಆಗುತ್ತೆ. ಒಟ್ಟು 100 ಕೋಟಿ ಸಲ ಕೇಳಿದ್ದಾರೆ, ಅದರಲ್ಲಿ ನಿಮ್ಮ ಭಾವಗೀತೆ ಗಾಯಕಿಯದು 10 ಸಾವಿರ ಸಲ ಅಂತ ಇಟ್ಟುಕೊಳ್ಳಿ. ಅವರ ಪಾಲು ಲಕ್ಷಕ್ಕೆ ಒಂದು. ನೀವು ತಿಂಗಳೆಲ್ಲ ಅವರೊಬ್ಬರನ್ನೇ ಕೇಳಿದರೂ ಅಷ್ಟೇ. ಸ್ಪಾಟಿಫೈ 2024ರಿಂದ ಇನ್ನೊಂದು ನಿಯಮ ತಂದಿದೆ, ವರ್ಷದಲ್ಲಿ 1000 ಸಲವಾದರೂ ಪ್ಲೇ ಆಗದ ಹಾಡಿಗೆ ಏನೂ ಇಲ್ಲ. ಸಣ್ಣವರಿಗೆ ಹೊಡೆತ ಬೀಳೋದು ಇಲ್ಲಿ. ಕೇಳುಗರು ಕಟ್ಟಿದ ದುಡ್ಡು ಅವರವರು ಕೇಳಿದ ಗಾಯಕರಿಗೇ ಹೋಗೋ ಪದ್ಧತಿಯನ್ನು ಸೌಂಡ್‌ಕ್ಲೌಡ್ 2021ರಲ್ಲಿ ಶುರು ಮಾಡಿತು. ಉಳಿದ ದೊಡ್ಡವರು ಬಹುಪಾಲು ಹಳೇ ಲೆಕ್ಕದಲ್ಲೇ ಇದ್ದಾರೆ.

ಹೀಗೆ ಬಂದದ್ದೂ ಮೊದಲು ಹೋಗೋದು ರೆಕಾರ್ಡಿಂಗ್ ಯಾರ ಹೆಸರಲ್ಲಿದೆಯೋ ಆ ಕಂಪನಿಗೆ. ಒಂದೇ ಸಲ ಸಂಭಾವನೆ ಕೊಟ್ಟು ಎಲ್ಲ ಹಕ್ಕೂ ಬರೆಸಿಕೊಳ್ಳೋದು ನಮ್ಮಲ್ಲಿ ಹಳೇ ರೂಢಿ. ಸಿನಿಮಾಕ್ಕೆ ಬರೆಸಿದ ಹಾಡಿನ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ನಿರ್ಮಾಪಕರದ್ದೇ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗಾಯಕರಿಗಂತೂ ಕಾನೂನಿನಲ್ಲಿ ಜಾಗವೇ ಇಲ್ಲವಲ್ಲ ಅಂತ ಆ ಪೀಠದಲ್ಲಿದ್ದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬೇಜಾರು ಮಾಡಿಕೊಂಡು ಬೇರೆಯಾಗಿ ನಾಲ್ಕು ಮಾತು ಬರೆದರು. ಹಾಡು ಬಳಕೆಯಾದಾಗ ಸಿಗೋ ದುಡ್ಡಿನ, ಅಂದರೆ ರಾಯಲ್ಟಿಯ ವಿಷಯ ಸರಿಯಾಗೋಕೆ 35 ವರ್ಷ ಬೇಕಾಯಿತು. 2012ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, ಆಗ ರಾಜ್ಯಸಭೆಯಲ್ಲಿದ್ದ ಜಾವೇದ್ ಅಖ್ತರ್ ಅದಕ್ಕಾಗಿ ಜೋರಾಗಿ ದನಿ ಎತ್ತಿದವರಲ್ಲಿ ಮೊದಲಿಗರು. ಈಗ ಥಿಯೇಟರ್ ಬಿಟ್ಟು ಬೇರೆ ಕಡೆ ಹಾಡು ಬಳಕೆಯಾದರೆ ಸಾಹಿತ್ಯ ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿಯಲ್ಲಿ ಸಮಪಾಲು ಇದೆ. 'ಬೇಡ' ಅಂತ ಬರೆದು ಕೊಡೋಕೂ ಬರಲ್ಲ. ಗಾಯಕರಿಗೂ ರಾಯಲ್ಟಿ ಹಕ್ಕು ಅದೇ ತಿದ್ದುಪಡಿಯಲ್ಲಿ ಬಂತು.

ಆದರೆ ನಿಮ್ಮ ಮಗನ ಲೆಕ್ಕದಲ್ಲಿ ಒಂದು ತಮಾಷೆ ಇದೆ. ಗಾಯಕಿಗೆ ಕಡಿಮೆ ಹೋಗುತ್ತೆ, ಅದಕ್ಕೆ ಏನೂ ಹೋಗದ ಹಾಗೆ ಮಾಡೋಣ ಅಂತಾನೆ! ಆ್ಯಪ್‌ಗೆ ಕಟ್ಟೋದು ಬಿಡಬೇಡಿ. ಜೊತೆಗೆ ನಿಮಗೆ ಇಷ್ಟದ ಗಾಯಕರು ತಮ್ಮ ಆಲ್ಬಂ ತಾವೇ ಮಾರುತ್ತಿದ್ದರೆ ಅವರಿಂದಲೇ ಕೊಂಡುಕೊಳ್ಳಿ. ಬ್ಯಾಂಡ್‌ಕ್ಯಾಂಪ್‌ನಂಥ ತಾಣ ಹಾಡಿನ ಮಾರಾಟದಲ್ಲಿ ತನಗೆ ಸಾಮಾನ್ಯವಾಗಿ 15 ಪರ್ಸೆಂಟ್ ಇಟ್ಟುಕೊಂಡು ಉಳಿದದ್ದನ್ನು, ಬ್ಯಾಂಕಿನ ಶುಲ್ಕ ಕಳೆದು, ಕಲಾವಿದರಿಗೇ ಕೊಡುತ್ತೆ. ಕುವೆಂಪು ರಂಗಮಂದಿರದಲ್ಲಿ ಟಿಕೆಟ್ ಇಟ್ಟು ಸುಗಮ ಸಂಗೀತ ಮಾಡಿದರೆ ಪಾಸ್‌ಗೆ ಓಡಾಡದೆ ಟಿಕೆಟ್ ತಗೊಂಡು ಹೋಗಿ. ಮಗನನ್ನೂ ಕರಕೊಂಡು ಹೋಗಿ, ಅವನ ಟಿಕೆಟ್ ಅವನೇ ತಗೊಳ್ಳಲಿ.

ಪ್ರಶ್ನೆ: ನಮ್ಮ ತಂದೆಯವರು ಧಾರವಾಡದಲ್ಲಿದ್ದಾಗ ಮನೆ ಬೈಠಕ್‌ಗಳಲ್ಲಿ ದೊಡ್ಡ ದೊಡ್ಡ ಹಿಂದೂಸ್ತಾನಿ ಗಾಯಕರ ಹಾಡಿಕೆಯನ್ನು ಮೊದಲು ಸ್ಪೂಲ್‌ನಲ್ಲಿ, ಆಮೇಲೆ ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಿದ್ದರು. ಹಾಡಿದವರೂ ಇಲ್ಲ, ತಂದೆಯವರೂ ಇಲ್ಲ. ನಾನು ಎಲ್ಲವನ್ನೂ ಡಿಜಿಟಲ್ ಮಾಡಿಸಿದ್ದೇನೆ. ಪುಣೆಯಿಂದ, ಅಮೆರಿಕದಿಂದ ರಸಿಕರು ಫೈಲ್ ಕೇಳುತ್ತಾರೆ. ಕೊಡಬಹುದೇ? ಒಬ್ಬರಿಗೆ ಕೊಟ್ಟೆ, ಅವರು ಯೂಟ್ಯೂಬ್‌ಗೆ ಹಾಕಿ ಮೇಲೆ ತಮ್ಮ ಹೆಸರು ಒತ್ತಿಕೊಂಡಿದ್ದಾರೆ.
(ನಿವೃತ್ತ ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮೊದಲು ಇವುಗಳ ಬೆಲೆ ಏನು ಅಂತ ಹೇಳ್ತೀನಿ, ಆಮೇಲೆ ಕೊಡೋ ವಿಷಯ. ಹಳೇ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಹಾಡು ಹಿಡಿಯುತ್ತಿತ್ತು. ಎಲ್‌ಪಿ ಬಂದ ಮೇಲೂ ಒಂದು ಮಗ್ಗುಲಿಗೆ 20 ನಿಮಿಷದ ಆಚೀಚೆ. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸೋ ಸಂಗೀತ ಆ ತಟ್ಟೆಗಳಲ್ಲಿ ಹಿಡಿಸಲೇ ಇಲ್ಲ. ಜೈಪುರ್-ಅತ್ರೌಲಿ ಘರಾಣೆಯ ಅಪರೂಪದ ರಾಗಗಳಿಗೆ ಹೆಸರಾಗಿದ್ದ ಮಲ್ಲಿಕಾರ್ಜುನ ಮನಸೂರರಂಥವರು ಟೈಮಿನ ಹಂಗಿಲ್ಲದೆ, ಎದುರಿಗೆ ಕೂತ ಬಲ್ಲವರ ಮುಖ ನೋಡಿಕೊಂಡು ಹೇಗೆ ಹಾಡುತ್ತಿದ್ದರು ಅನ್ನೋದು ತಿಳಿಯಬೇಕಾದರೆ ಮನೆ ಬೈಠಕ್‌ಗಳ ಟೇಪೇ ಗತಿ. ಆ ಟೇಪುಗಳೋ ಸಾಯುತ್ತಾ ಇವೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ, ಅಂಟು ಬಿಟ್ಟು ಪುಡಿ ಉದುರುತ್ತೆ, ಸ್ಪೂಲ್ ಓಡಿಸೋ ಮೆಷಿನ್ ರಿಪೇರಿ ಮಾಡೋರು ಸಿಗಲ್ಲ. ಹಾಗಾಗಿ ಇಲ್ಲಿ ಕಾಪಿ ಮಾಡೋದೇ ಉಳಿಸೋದು. ಒಂದೇ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಂಡು ಕೂತರೆ ಅದು ಕೆಟ್ಟ ದಿನ ಎಲ್ಲ ಮುಗಿಯಿತು.

ಕಾನೂನು: ಸ್ವಂತಕ್ಕೆ ರೆಕಾರ್ಡ್ ಮಾಡಿಟ್ಟುಕೊಂಡರೆ ಕಾಯ್ದೆಯ 39ನೇ ಸೆಕ್ಷನ್‌ನಲ್ಲಿ ರಿಯಾಯಿತಿ ಇದೆ, ನಿಜವಾದ ಪಾಠ, ಸಂಶೋಧನೆಗೂ ಇದೆ. ಊರಿಗೆಲ್ಲ ಹಂಚೋದಕ್ಕೆ ಇಲ್ಲ. ಕಲಾವಿದರಿಗೆ ತಮ್ಮ ಕಛೇರಿಯ ಮೇಲೆ ಹಕ್ಕು ಬಂದದ್ದು 1994ರ ತಿದ್ದುಪಡಿಯಲ್ಲಿ. ಈಗ ಅದರ ಅವಧಿ 50 ವರ್ಷ.

ಇನ್ನು ನನ್ನ ಮಾತು. ಕೊಡಿ, ಆದರೆ ಮೊದಲು ಹಾಡಿದವರ ಮನೆಯವರನ್ನು ಕೇಳಿ. ಮಕ್ಕಳೋ ಶಿಷ್ಯರೋ ಇದ್ದೇ ಇರುತ್ತಾರೆ, ಧಾರವಾಡ ಹುಬ್ಬಳ್ಳಿಯಲ್ಲಿ ಹುಡುಕೋದು ಕಷ್ಟವಲ್ಲ. ಅವರಿಗೆ ಮೊದಲ ಕಾಪಿ ನೀವೇ ಕೊಡಿ. ಎಷ್ಟೋ ಮನೆಗಳಲ್ಲಿ ಅವರ ಅಪ್ಪನದೇ ಇಂಥ ಹಾಡಿಕೆ ಅವರ ಹತ್ತಿರ ಇರಲ್ಲ. ಆಮೇಲೆ ಫೈಲುಗಳನ್ನು ಪೂರ್ತಿ ಕೂತು ಕೇಳಿ. ಹಾಡಿನ ನಡುವೆ ಚಹಾ ಬಂದಾಗ ಇನ್ನೊಬ್ಬ ಗಾಯಕರ ಬಗ್ಗೆ ಏನೋ ಅಂದಿರುತ್ತಾರೆ, ಮನೆಯವರ ಕಾಯಿಲೆ ಕಸಾಲೆ ಮಾತಾಡಿರುತ್ತಾರೆ. ಅದನ್ನು ಅವರು ನಿಮ್ಮ ತಂದೆಯವರಿಗೆ ಹೇಳಿದ್ದು, ನ್ಯೂಜೆರ್ಸಿಯ ರಸಿಕರಿಗಲ್ಲ. ಹೊರಗೆ ಕೊಡೋ ಕಾಪಿಯಲ್ಲಿ ಅಷ್ಟು ಕತ್ತರಿಸಿ. ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು) ಬಗ್ಗೆ, ರಾಗದ ಬಗ್ಗೆ ಆಡಿದ ಮಾತು ಮಾತ್ರ ದಯವಿಟ್ಟು ಕತ್ತರಿಸಬೇಡಿ, ಕಲಿಯೋರಿಗೆ ಅದು ಹಾಡಿನಷ್ಟೇ ಮುಖ್ಯ. ಗಂಟಲು ಕೆಟ್ಟ ದಿನದ ಹಾಡಿಕೆ ಇದ್ದರೆ ಅದನ್ನು ಬೀರುವಿನಲ್ಲೇ ಇಡೋದು ಮರ್ಯಾದೆ ಅಂತ ನನಗೆ ಅನ್ನಿಸುತ್ತೆ, ಆದರೆ ಇದನ್ನು ಒಪ್ಪದ ರಸಿಕರೂ ಬಹಳ ಜನ ಇದ್ದಾರೆ.

ಯೂಟ್ಯೂಬ್‌ಗೆ ಹಾಕಿ ಹೆಸರು ಒತ್ತಿಕೊಂಡವರಿಗೆ ನೇರ ಬರೆಯಿರಿ. ಹೆಸರು ತೆಗೆಯಿರಿ, ಗಾಯಕರ ಹೆಸರು, ತಬಲಾ ಹಾರ್ಮೋನಿಯಂನವರ ಹೆಸರು, ಊರು, ವರ್ಷ, ರೆಕಾರ್ಡ್ ಮಾಡಿದವರು ಯಾರು ಅಂತ ಹಾಕಿ, ಇಲ್ಲದಿದ್ದರೆ ಇಳಿಸಿ ಅನ್ನಿ. ಜಾಹೀರಾತು ಬರುತ್ತಿದೆಯಾ ಅಂತಲೂ ನೋಡಿ. ಬಿಟ್ಟಿ ಹಂಚಿದ್ದರ ಮೇಲೆ ದುಡ್ಡು ಮಾಡೋದನ್ನು ನಾನು ಒಪ್ಪಲ್ಲ. ಕಂಪನಿಯೊಂದು ಮುಂದೆ ಬಂದು ಪ್ರಕಟಿಸುತ್ತೀವಿ ಅಂದರೆ ಗಾಯಕರ ಮನೆಯವರಿಗೂ ಪಕ್ಕವಾದ್ಯದವರಿಗೂ ಪಾಲು ಇರೋ ಒಪ್ಪಂದ ಮಾಡಿಸಿ.

ಡಿಜಿಟಲ್ ಮಾಡಿಸಿದೆ ಅಂದಿರಿ, ಬರೀ ಎಂಪಿ3 ಅಲ್ಲ ತಾನೇ? ಎಂಪಿ3 ಮಾಡುವಾಗ ಬಿಟ್ಟುಹೋದ ದನಿ ಆಮೇಲೆ ಏನು ಮಾಡಿದರೂ ವಾಪಸ್ ಬರಲ್ಲ. ದನಿ ಏನೂ ಬಿಡದೆ ಹಿಡಿದಿಡೋ ವೇವ್ (WAV) ಫೈಲ್ ಇಟ್ಟುಕೊಳ್ಳಿ. ನಿಮಿಷಕ್ಕೆ 10 ಎಂಬಿ ಹಿಡಿಯುತ್ತೆ, 90 ನಿಮಿಷದ ಕ್ಯಾಸೆಟ್ ಒಂದು ಜಿಬಿಗೆ ಹತ್ತಿರ ಬರುತ್ತೆ, ಇವತ್ತಿನ ಡಿಸ್ಕ್‌ಗಳಲ್ಲಿ ಅದು ಏನೂ ಅಲ್ಲ. ಒಂದು ಪ್ರತಿಯನ್ನು ಸಂಸ್ಥೆಗೂ ಕೊಡಿ. 1982ರಲ್ಲಿ ಶುರುವಾಗಿ ಈಗ ಗುರುಗ್ರಾಮದಲ್ಲಿರೋ ಎಆರ್‌ಸಿಇ ಅನ್ನೋ ಸಂಗೀತ ಸಂಗ್ರಹಾಲಯ ಇಂಥ ಖಾಸಗಿ ರೆಕಾರ್ಡಿಂಗ್‌ಗಳನ್ನು ಕಾಪಾಡೋ ಕೆಲಸ ಮಾಡುತ್ತೆ. ಯಾರು ಕೇಳಬಹುದು, ಯಾರು ಕಾಪಿ ತಗೊಳ್ಳಬಹುದು ಅಂತ ಕೊಡುವಾಗಲೇ ಬರವಣಿಗೆಯಲ್ಲಿ ಮಾತಾಡಿಕೊಳ್ಳಿ.

ಪ್ರಶ್ನೆ: ಮಗಳ ಮದುವೆಗೆ ಛತ್ರದವರು 'ಸಿನಿಮಾ ಹಾಡು ಹಾಕಬೇಕಾದರೆ ಲೈಸೆನ್ಸ್ ತನ್ನಿ' ಅಂತಾರೆ. ಬೇಕಾ?
(ಓದುಗರು, ಮಂಡ್ಯ)

ಉತ್ತರ: ಬೇಡ. ಮದುವೆ, ದಿಬ್ಬಣ, ಮದುವೆಗೆ ಸೇರಿದ ಸಮಾರಂಭಗಳಲ್ಲಿ ಹಾಡು ಹಾಕಿದರೆ ಉಲ್ಲಂಘನೆ ಅಲ್ಲ ಅಂತ ಕಾಯ್ದೆಯ 52ನೇ ಸೆಕ್ಷನ್‌ನಲ್ಲೇ ಇದೆ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಇದನ್ನೇ ಮತ್ತೆ ಸ್ಪಷ್ಟ ಮಾಡಿ ಪ್ರಕಟಣೆ ಹೊರಡಿಸಿತು. ಅದರ ಒಂದು ಪ್ರಿಂಟ್ ಛತ್ರದ ಮ್ಯಾನೇಜರ್ ಕೈಗೆ ಕೊಡಿ. ಈ ರಿಯಾಯಿತಿ ಹಾಡು ಹಾಕೋದಕ್ಕೆ ಮಾತ್ರ, ಡಿಜೆ ಹುಡುಗ ತಂದಿರೋ ಪೆನ್ ಡ್ರೈವ್ ಎಲ್ಲಿಂದ ಬಂತು ಅನ್ನೋದು ಮೇಲಿನ ಬಾಗಲಕೋಟೆಯವರ ಪ್ರಶ್ನೆ.

ಪ್ರಶ್ನೆ: ತಾಳಮದ್ದಳೆಗೆ ಹೋದಾಗ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕ್ತೇನೆ. ದುಡ್ಡು ಕೊಟ್ಟು ನೋಡುವ ಆಟ ಅಲ್ಲ, ಯಾರಿಗೂ ನಷ್ಟ ಇಲ್ಲ. ಆದರೂ ಮೊನ್ನೆ ಒಬ್ಬ ಅರ್ಥಧಾರಿಗಳು (ಪಾತ್ರದ ಮಾತು ಆಡುವ ಕಲಾವಿದರು) ಬೇಜಾರು ಮಾಡಿಕೊಂಡರು.
(ಶಿಕ್ಷಕ, ಕುಂದಾಪುರ)

ಉತ್ತರ: ಹರಕೆ ಆಟಕ್ಕೆ, ಹೀಗೆ ಊರವರು ಸೇರಿ ಮಾಡಿಸೋ ಕೂಟಕ್ಕೆ ಖರ್ಚು ಆಡಿಸಿದವರದ್ದು, ನೋಡೋರಿಗೆ ಪುಕ್ಕಟೆ. ಹಾಗಾಗಿ ದುಡ್ಡಿನ ನಷ್ಟ ಇಲ್ಲ ಅನ್ನೋದು ಸರಿ. ಟಿಕೆಟ್ ಇಟ್ಟು ಆಡೋ ಟೆಂಟ್ ಮೇಳದ ಹೊಸ ಪ್ರಸಂಗವನ್ನು ಮೊದಲ ವಾರವೇ ಪೂರ್ತಿ ಹರಿಬಿಟ್ಟರೆ ಕಥೆ ಬೇರೆ. ಆದರೆ ನಿಮ್ಮ ಅರ್ಥಧಾರಿಗಳ ಬೇಜಾರು ದುಡ್ಡಿನದ್ದು ಇರಲಿಕ್ಕಿಲ್ಲ. ತಾಳಮದ್ದಳೆಯ ಮಾತು ಬರೆದಿಟ್ಟದ್ದಲ್ಲ, ಎದುರಿನವರ ಪ್ರಶ್ನೆಗೆ ಆ ಕ್ಷಣಕ್ಕೆ ಹುಟ್ಟಿದ್ದು. ಕೌರವನ ಪಾತ್ರ ಹೊತ್ತು ಕೃಷ್ಣನನ್ನು ಬೈದ ಎರಡು ನಿಮಿಷವನ್ನಷ್ಟೇ ಕತ್ತರಿಸಿ ಗ್ರೂಪಿಗೆ ಹಾಕಿದರೆ, ಅದು ಇನ್ನೂ ನಾಲ್ಕು ಗ್ರೂಪಿಗೆ ಹೋಗಿ, ಕೊನೆಗೆ ಆ ಕಲಾವಿದರೇ ದೇವರನ್ನು ಬೈದರು ಅಂತ ಆಗುತ್ತೆ. ಎದುರು ಪಾತ್ರದವರು ಆಮೇಲೆ ಕೊಟ್ಟ ಉತ್ತರ ಕ್ಲಿಪ್‌ನಲ್ಲಿ ಇರಲ್ಲ. ಶುರುವಾಗೋ ಮೊದಲು ಭಾಗವತರನ್ನೂ ಅರ್ಥಧಾರಿಗಳನ್ನೂ ಒಂದು ಮಾತು ಕೇಳಿ. ಹೂಂ ಅಂದರೆ ಪೂರ್ತಿ ಸಂವಾದ ಹಾಕಿ, ತುಂಡು ಮಾಡಬೇಡಿ. ಉಹುಂ ಅಂದರೆ ಮೊಬೈಲ್ ಒಳಗಿಟ್ಟು ಕೇಳಿ, ಅದರ ಸುಖವೇ ಬೇರೆ.

ಪ್ರಶ್ನೆ: ಒಂದು ಆ್ಯಪ್‌ಗೆ ಎಷ್ಟೋ ವರ್ಷ ದುಡ್ಡು ಕಟ್ಟಿ ನೂರಾರು ಹಾಡು ಡೌನ್‌ಲೋಡ್ ಮಾಡಿದ್ದೆ. ಆ್ಯಪ್ ಮುಚ್ಚಿತು, ಎಲ್ಲ ಹೋಯಿತು. ಇನ್ನು ಮೇಲೆ ಟೆಲಿಗ್ರಾಂನಿಂದಲೇ ಇಳಿಸಿಕೊಳ್ಳೋದು ಅಂತ ತೀರ್ಮಾನ ಮಾಡಿದ್ದೀನಿ. ಬೈಯ್ಯಬೇಡಿ.
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಬೈಯ್ಯಲ್ಲ. ಸಿಟ್ಟು ಬರೋದು ಸಹಜ. ಆ ಆ್ಯಪ್‌ನಲ್ಲಿ ಡೌನ್‌ಲೋಡ್ ಅನ್ನೋ ಗುಂಡಿ ಒತ್ತಿದಾಗ ಫೋನಿಗೆ ಇಳಿದದ್ದು ಬೀಗ ಹಾಕಿದ ಫೈಲು. ಚಂದಾ ನಡೆಯುತ್ತಿದೆಯಾ ಅಂತ ಕಂಪನಿಯ ಸರ್ವರ್ ಆಗಾಗ ನೋಡಿ ಬೀಗ ತೆಗೆಯುತ್ತೆ. ಸರ್ವರ್ ನಿಂತರೆ ಫೈಲ್ ಇದ್ದೂ ಇಲ್ಲ. ನೀವು ಕಟ್ಟಿದ್ದು ಬಾಡಿಗೆ, ಕೊಂಡದ್ದಲ್ಲ. ಇದನ್ನು ಕಂಪನಿಗಳು ದಪ್ಪ ಅಕ್ಷರದಲ್ಲಿ ಹೇಳಲ್ಲ ಅನ್ನೋದು ನಿಜವಾದ ತಕರಾರು. ಹಾಡು ಕೊಂಡವರಿಗೂ ಹಿಂದೆ ಇದೇ ಗೋಳಿತ್ತು. ಹಾಡಿಗೆ ಬೀಗ ಹಾಕೋದು ಬಿಡಿ ಅಂತ 2007ರ ಫೆಬ್ರವರಿಯಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಸಂಗೀತ ಕಂಪನಿಗಳಿಗೆ ಬಹಿರಂಗ ಪತ್ರ ಬರೆದರು, 2009ರ ಹೊತ್ತಿಗೆ ಐಟ್ಯೂನ್ಸ್‌ನಲ್ಲಿ ಮಾರೋ ಹಾಡುಗಳಿಗೆ ಬೀಗ ಹೋಯಿತು. ಆಮೇಲೆ ಬಂದ ಚಂದಾ ಆ್ಯಪ್‌ಗಳಲ್ಲಿ ಅದು ಹಿಂಬಾಗಿಲಿಂದ ವಾಪಸ್ ಬಂತು.

ನೀವು ಒಂದೊಂದು ಹಾಡಿಗೂ ಬೆಲೆ ಕೊಟ್ಟು ಕೊಂಡಿದ್ದು, ಅದು ಕೈತಪ್ಪಿದ್ದರೆ, ಅದೇ ಹಾಡಿನ ಇನ್ನೊಂದು ಪ್ರತಿ ಎಲ್ಲಿಂದಲೋ ತಂದುಕೊಂಡರೆ ನನ್ನ ಲೆಕ್ಕದಲ್ಲಿ ತಪ್ಪಿಲ್ಲ. ಕಾನೂನು ಹೀಗೆ ಒಪ್ಪಲ್ಲ. ಬಾಡಿಗೆ ಕಟ್ಟಿದ್ದಾದರೆ ಕಟ್ಟಿದ ತಿಂಗಳು ಕೇಳಿದಿರಿ, ಅಲ್ಲಿಗೆ ಮುಗಿಯಿತು. ಆ್ಯಪ್‌ನವರ ಮೇಲಿನ ಸಿಟ್ಟನ್ನು ಹಾಡು ಬರೆದವರ ಮೇಲೆ, ಹಾಡಿದವರ ಮೇಲೆ ತೀರಿಸಿಕೊಳ್ಳೋದು ಯಾವ ನ್ಯಾಯ? ನಿಜಕ್ಕೂ ಬೇಕು ಅನ್ನಿಸೋ ಇಪ್ಪತ್ತು ಮೂವತ್ತು ಆಲ್ಬಂ ಬೀಗ ಇಲ್ಲದ ಫೈಲಾಗಿಯೋ ಸಿಡಿಯಾಗಿಯೋ ಕೊಂಡು ಇಟ್ಟುಕೊಳ್ಳಿ. ಸಿಡಿಯಿಂದ ನಿಮ್ಮ ಫೋನಿಗೆ, ಕಾರಿಗೆ ಕಾಪಿ ಮಾಡಿಕೊಳ್ಳೋಕೆ ಯಾರ ಅಪ್ಪಣೆಯೂ ಬೇಡ. ಸ್ವಂತ ಬಳಕೆಗೆ ಅಂತ 52ನೇ ಸೆಕ್ಷನ್ ಕೊಡೋ ರಿಯಾಯಿತಿಯನ್ನು 2012ರಲ್ಲಿ ರೆಕಾರ್ಡಿಂಗ್‌ಗಳಿಗೂ ಹಿಗ್ಗಿಸಿದ್ದಾರೆ.

ಪ್ರಶ್ನೆ: ಹಳೇ ಹಾಡು ಯಾವಾಗ ಎಲ್ಲರದ್ದೂ ಆಗುತ್ತೆ? ದಾಸರ ಪದಕ್ಕೂ ಕಾಪಿರೈಟ್ ಇದೆಯಾ?
(ಸಂಗೀತ ಶಿಕ್ಷಕಿ, ಮೈಸೂರು)

ಉತ್ತರ: ಪದಕ್ಕಿಲ್ಲ, ರೆಕಾರ್ಡಿಂಗ್‌ಗೆ ಇದೆ. ಪುರಂದರದಾಸರ ಪದ ಯಾರು ಬೇಕಾದರೂ ಹಾಡಬಹುದು. ಆದರೆ ಹೋದ ವರ್ಷ ಒಬ್ಬರು ಹಾಡಿ ಹೊರತಂದ ರೆಕಾರ್ಡಿಂಗ್ ಅವರದ್ದು ಅಥವಾ ಕಂಪನಿಯದ್ದು. ರೆಕಾರ್ಡ್ ಹೊರಬಂದ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಇರುತ್ತೆ. 1960ರಲ್ಲಿ ಬಂದ ರೆಕಾರ್ಡಿನ ಹಕ್ಕು 2020ರ ಡಿಸೆಂಬರ್‌ಗೆ ಮುಗಿದಿದೆ. ಅದರೊಳಗಿನ ಸಾಹಿತ್ಯ, ರಾಗಸಂಯೋಜನೆಯದ್ದು ಬೇರೆ ಲೆಕ್ಕ, ಅದನ್ನು ಮಾಡಿದವರು ತೀರಿಕೊಂಡ ಮೇಲೆ 60 ವರ್ಷ. ಬೇಂದ್ರೆಯವರು ಹೋದದ್ದು 1981ರಲ್ಲಿ, ಹಾಗಾಗಿ ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಉಂಟು. ಮೊದಲು ಇದು 50 ವರ್ಷ ಇತ್ತು. 1941ರಲ್ಲಿ ತೀರಿಕೊಂಡ ಟಾಗೋರರ ಕೃತಿಗಳ ಅವಧಿ 1991ಕ್ಕೆ ಮುಗಿಯುತ್ತೆ ಅಂತಾದಾಗ 10 ವರ್ಷ ಎಳೆದು 60 ಮಾಡಿದರು. ಅಂಗಡಿಯಲ್ಲೂ ಇಲ್ಲದ, ಆ್ಯಪ್‌ನಲ್ಲೂ ಇಲ್ಲದ, ಕಂಪನಿಯೇ ಮರೆತಿರೋ ಎಂಬತ್ತರ ದಶಕದ ಧ್ವನಿಸುರುಳಿಗೂ ಇಷ್ಟೇ ಕಾಲ ಬೀಗ ಹಾಕೋದು ನನಗೆ ಅನ್ಯಾಯ ಅನ್ನಿಸುತ್ತೆ. ಅಂಥ ಕ್ಯಾಸೆಟ್ಟಿನ ಹಾಡನ್ನು ನಿಮ್ಮ ವಿದ್ಯಾರ್ಥಿಗೆ ಕಾಪಿ ಮಾಡಿ ಕೊಟ್ಟರೆ ನನಗಂತೂ ನಿಮ್ಮ ಮೇಲೆ ಮುನಿಸಿಲ್ಲ.

ಪ್ರಶ್ನೆ: ನಾನೇ ಹಾಡು ಬರೆದು, ಸಾಲ ಮಾಡಿ ರೆಕಾರ್ಡ್ ಮಾಡಿಸಿ ಬಿಡುಗಡೆ ಮಾಡಿದ್ದೀನಿ. ಸ್ನೇಹಿತರು, ನೆಂಟರು ಎಲ್ಲ 'ಮಗಾ, ಎಂಪಿ3 ಕಳ್ಸು' ಅಂತಾರೆ. ಇಲ್ಲ ಅಂದ್ರೆ ಕೊಬ್ಬು ಅಂತಾರೆ. ಏನು ಮಾಡಲಿ?
(ಯುವ ಗಾಯಕ, ಹಾಸನ)

ಉತ್ತರ: ಫೈಲ್ ಕಳಿಸಬೇಡಿ, ಲಿಂಕ್ ಕಳಿಸಿ. ಅವರು ಅಲ್ಲೇ ಹೋಗಿ ಕೇಳಿದರೆ ಅವರ ಜೇಬಿಂದ ಏನೂ ಹೋಗಲ್ಲ, ನಿಮ್ಮ ಲೆಕ್ಕಕ್ಕೆ ಒಂದು ಕೂಡುತ್ತೆ. 'ನಮ್ಮೂರಲ್ಲಿ ನೆಟ್‌ವರ್ಕ್ ಇಲ್ಲ ಕಣೋ' ಅಂದವರಿಗೆ ಫೈಲ್ ಕಳಿಸಿ, ಜೊತೆಗೆ ಯುಪಿಐ ಕ್ಯೂಆರ್ ಕೋಡ್ ಕೂಡ ಕಳಿಸಿ, 'ಇಷ್ಟ ಆದ್ರೆ ಐವತ್ತು ರೂಪಾಯಿ ಹಾಕು' ಅಂತ ಬರೆಯಿರಿ. ನಾಚಿಕೆ ಬೇಡ. ಮದುವೆಗೆ ಬಂದು ಮುಯ್ಯಿ ಮಾಡೋ ನೆಂಟರು ಹಾಡಿಗೆ ಐವತ್ತು ಕೊಡೋಕೆ ಸಾಯಲ್ಲ. ಕೊಡದೆ ಇದ್ದವರು ನಿಮ್ಮ ಹಾಡನ್ನು ಸ್ಟೇಟಸ್‌ಗಾದರೂ ಹಾಕಲಿ, ನಿಮ್ಮ ಹೆಸರು ಸೇರಿಸಿ. ಸೋದರಮಾವನಿಗೆ ಮಾತ್ರ ಬಿಟ್ಟಿ ಕೊಡಿ, ಸಾಲಕ್ಕೆ ಜಾಮೀನು ಹಾಕಿದವರು ಅವರೇ ಇರಬೇಕು.